ಮೂವತ್ತರ ನಂತರ ನರ್ಸಿಂಗ್ ಶಾಲೆ



ಈ ದತ್ತಿ ಉಪನ್ಯಾಸದಲ್ಲಿ ಯಾವ ವಿಷಯ ಮಾತಾಡುತ್ತೀರಿ ಎಂದು ಸಂಚಾಲಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ‘ಶುಶ್ರೂಷೆಯ ಮಹತ್ವ’ದಂಥ ಯಾವುದೋ ಒಂದು ವಿಷಯ. ಅದರ ಮೇಲೆ ಪ್ರತಿವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಊರೂರಿನಲ್ಲೂ ಭಾಷಣಗಳಾಗುತ್ತವೆ. ಭಾಷಣ ಮುಗಿದ ಕೂಡಲೇ ನರ್ಸ್‌ಗಳು ಡ್ಯೂಟಿಗೆ ಓಡುತ್ತಾರೆ. ನಾನು ಆರಿಸಿಕೊಂಡಿರುವುದು ಅದಕ್ಕಿಂತ ಚಿಕ್ಕ ವಿಷಯ. ಮದುವೆಯಾಗಿ, ಮಕ್ಕಳಾಗಿ, ಇಲ್ಲವೇ ಬೇರೆ ಕೆಲಸದಲ್ಲಿ ಹತ್ತು ಹದಿನೈದು ವರ್ಷ ದುಡಿದು, ಮೂವತ್ತು ದಾಟಿದ ಮೇಲೆ ನರ್ಸಿಂಗ್ ಶಾಲೆಯ ಬಾಗಿಲಿಗೆ ಬರುವವರ ವಿಷಯ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇಂಥವರು ತರಗತಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರಿಗೆ ಒಂದು ಹೆಸರು. ಬೆಂಚಿನಲ್ಲಿ ಮಾತ್ರ ಅವರು ‘ಅಕ್ಕ’, ತುಂಟ ಹುಡುಗಿಯರ ಬಾಯಲ್ಲಿ ‘ಆಂಟಿ’.

ಮಾತನ್ನು ಮೂರು ಭಾಗ ಮಾಡಿಕೊಂಡಿದ್ದೇನೆ. ಮೊದಲು ಕೊಂಚ ಇತಿಹಾಸ: ಈ ಕೋರ್ಸು ಹದಿನೇಳರ ಹುಡುಗಿಯರದ್ದು ಎಂಬ ಭಾವನೆ ಎಲ್ಲಿಂದ ಬಂತು. ಆಮೇಲೆ ತರಗತಿ ಮತ್ತು ವಾರ್ಡು: ತಡವಾಗಿ ಬಂದವರಿಗೆ ಅಲ್ಲಿ ಏನು ಸುಲಭ, ಏನು ಕಷ್ಟ. ಕೊನೆಗೆ ನಿಯಮ, ಹಣ, ಮನೆ. ನನ್ನ ವಾದವನ್ನು ಈಗಲೇ ಹೇಳಿಬಿಡುತ್ತೇನೆ. ಇವರಿಗೆ ಕಷ್ಟವಾಗುವುದು ವಯಸ್ಸಿನಿಂದ ಸ್ವಲ್ಪ. ಮನೆ ಮಠದ ಹೊಣೆಯಿಲ್ಲದ ಹುಡುಗಿಯ ಅಳತೆಗೆ ಹೊಲಿದಿಟ್ಟ ನಮ್ಮ ಶಾಲೆಯಿಂದ ಬಹಳ.

ಇತಿಹಾಸದಿಂದ ಶುರುಮಾಡೋಣ. ಮೇ 12ರ ಭಾಷಣಗಳಲ್ಲಿ ಯಾರೂ ಹೇಳದ ಒಂದು ಸಂಗತಿಯಿದೆ. ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ. ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ರೋಗಿಗಳ ಆರೈಕೆಯನ್ನು ಕ್ರಮವಾಗಿ ಕಲಿಯಲು ಆಕೆ ಕುಳಿತದ್ದು 1851ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಅದೂ ಕೆಲವೇ ತಿಂಗಳು. ಅದಕ್ಕೂ ಮೊದಲಿನ ವರ್ಷಗಳೆಲ್ಲ ಮನೆಯವರನ್ನು ಒಪ್ಪಿಸುವುದರಲ್ಲೇ ಕಳೆದಿದ್ದವು. ಕ್ರೈಮಿಯಾ ಯುದ್ಧದ ಗಾಯಾಳುಗಳ ಬಳಿಗೆ ಹೋದದ್ದು 1854ರಲ್ಲಿ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ ತೆರೆದಾಗ, ಸೇರಬಯಸುವವರ ವಯಸ್ಸು 25ರಿಂದ 35 ಇದ್ದರೆ ಒಳ್ಳೆಯದು ಎಂದು ಅದರ ನಿಯಮದಲ್ಲಿ ಬರೆದಿತ್ತು. ಇವತ್ತು ನಾವು ‘ವಯಸ್ಸಾಯಿತಲ್ಲಮ್ಮಾ’ ಎಂದು ವಾಪಸ್ಸು ಕಳಿಸುವವರನ್ನೇ ಆಧುನಿಕ ನರ್ಸಿಂಗಿಗೆ ಮಾದರಿಯಾದ ಆ ಶಾಲೆ ಕರೆದು ಕೂರಿಸುತ್ತಿತ್ತು.

ಎಡಿತ್ ಕ್ಯಾವೆಲ್ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮೊದಲ ಮಹಾಯುದ್ಧದಲ್ಲಿ, ಜರ್ಮನ್ನರ ವಶದಲ್ಲಿದ್ದ ಬೆಲ್ಜಿಯಂನಿಂದ ಮಿತ್ರಪಕ್ಷದ ಸೈನಿಕರು ಪಾರಾಗಲು ನೆರವಾದಳೆಂದು 1915ರ ಅಕ್ಟೋಬರಿನಲ್ಲಿ ಜರ್ಮನ್ನರು ಗುಂಡಿಟ್ಟು ಕೊಂದ ಇಂಗ್ಲಿಷ್ ನರ್ಸ್. ಆಕೆ ಅದಕ್ಕೂ ಮೊದಲು ಬ್ರಸೆಲ್ಸ್‌ನಲ್ಲಿ ಮನೆಪಾಠ ಹೇಳುತ್ತಿದ್ದವಳು. ಕಾಯಿಲೆ ಬಿದ್ದ ತಂದೆಯ ಆರೈಕೆಗೆಂದು ಊರಿಗೆ ಮರಳಿದಳು. ಆಮೇಲೆ, 1896ರಲ್ಲಿ, ಲಂಡನ್ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದಳು. ಆಗ ಆಕೆಗೆ ಮೂವತ್ತು. ಮನೆಯಲ್ಲಿ ಒಬ್ಬ ರೋಗಿಯನ್ನು ನೋಡಿಕೊಂಡು, ಆ ಕೆಲಸ ತನಗೆ ಒಗ್ಗುತ್ತದೆ ಎಂದು ಕಂಡುಕೊಂಡು ಬರುವವರು ನಮ್ಮಲ್ಲಿಯೂ ಇದ್ದಾರೆ. ನಾನು ಕಂಡ ಅಕ್ಕಂದಿರಲ್ಲಿ ಬಹುಪಾಲು ಜನ ಇದೇ ದಾರಿಯಲ್ಲಿ ಬಂದವರು: ಮಾವನ ಪಾರ್ಶ್ವವಾಯು, ತಾಯಿಯ ಕ್ಯಾನ್ಸರ್, ತಿಂಗಳುಗಟ್ಟಲೆ ಆಸ್ಪತ್ರೆಯ ವರಾಂಡದ ವಾಸ.

ಇನ್ನೊಬ್ಬಾಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಮೆರಿಕದ ಬಾಸ್ಟನ್ನಿನ ಮೇರಿ ಎಲೈಜಾ ಮಹೋನಿ, 1845ರಲ್ಲಿ ಹುಟ್ಟಿದ ಕಪ್ಪು ಮಹಿಳೆ. ಹೆಂಗಸರು ಮತ್ತು ಮಕ್ಕಳಿಗಾಗಿ ಇದ್ದ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹದಿನೈದು ವರ್ಷದ ಹತ್ತಿರ ದುಡಿದಳು. ಅಡುಗೆ, ಕಸ ಮುಸುರೆ, ಬಟ್ಟೆ ಒಗೆಯುವುದು, ಜೊತೆಗೆ ಸಂಬಳದ ಪುಸ್ತಕದಲ್ಲಿ ಇಲ್ಲದ ನರ್ಸಿಂಗ್ ಕೆಲಸ. 1878ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅದೇ ಆಸ್ಪತ್ರೆಯ ನರ್ಸಿಂಗ್ ಶಾಲೆ ಆಕೆಯನ್ನು ಸೇರಿಸಿಕೊಂಡಿತು. ಹದಿನಾರು ತಿಂಗಳ ಕೋರ್ಸು. ನಸುಕಿನಿಂದ ರಾತ್ರಿಯವರೆಗೆ ವಾರ್ಡು. ಆ ವರ್ಷ ಸೇರಿದ ಸುಮಾರು ನಲವತ್ತು ಮಂದಿಯಲ್ಲಿ ಕೊನೆ ಮುಟ್ಟಿದವರು ನಾಲ್ವರು. ಅವರಲ್ಲಿ ಮಹೋನಿ ಒಬ್ಬಳು, ಆ ದೇಶದಲ್ಲಿ ತರಬೇತಿ ಪಡೆದು ನರ್ಸ್ ಆದ ಮೊದಲ ಕಪ್ಪು ಮಹಿಳೆ. ನಮ್ಮ ಆಸ್ಪತ್ರೆಗಳಲ್ಲಿ ಹತ್ತಾರು ವರ್ಷ ಬೆಡ್‌ಪ್ಯಾನ್ ಎತ್ತಿದ ಆಯಾಗಳನ್ನು ನೋಡಿದಾಗಲೆಲ್ಲ ನನಗೆ ಈಕೆ ನೆನಪಾಗುತ್ತಾಳೆ. ಯಾವ ರೋಗಿಗೆ ಜ್ವರ ಏರುತ್ತಿದೆ, ಯಾರ ಡ್ರಿಪ್ ಮುಗಿಯುತ್ತಿದೆ ಎಂದು ಹೊಸ ಸಿಸ್ಟರ್‌ಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಆಯಾ ಕೆಲಸದಿಂದ ನರ್ಸಿಂಗ್ ಶಾಲೆಗೆ ಹೋಗುವ ಮೆಟ್ಟಿಲನ್ನು ಮಾತ್ರ ನಾವು ಕಟ್ಟಿಲ್ಲ.

ನಮ್ಮ ದೇಶದಲ್ಲೂ ಆರಂಭದ ಪ್ರಯತ್ನಗಳು ವಯಸ್ಕ ಹೆಂಗಸರನ್ನೇ ನೆಚ್ಚಿದ್ದವು. ರಮಾಬಾಯಿ ರಾನಡೆಯವರು 1909ರಲ್ಲಿ ಪುಣೆಯಲ್ಲಿ ನೆಲೆಗೊಳಿಸಿದ ಸೇವಾ ಸದನ ವಿಧವೆಯರಿಗೂ ಗೃಹಿಣಿಯರಿಗೂ ಪಾಠ ಹೇಳಿತು, ಸಸೂನ್ ಆಸ್ಪತ್ರೆಯ ಆಸರೆಯಲ್ಲಿ ನರ್ಸಿಂಗ್ ಕಲಿಸಿತು. ಪರರ ಮೈಮುಟ್ಟುವ ಕೆಲಸಕ್ಕೆ ಕುಲೀನ ಮನೆತನದವರು ಹೋಗಬಾರದು ಎನ್ನುತ್ತಿದ್ದ ಕಾಲ ಅದು. ಸಂಸಾರದ ಬಾಗಿಲು ಮುಚ್ಚಿದ ಹೆಣ್ಣಿಗೆ ಬದುಕಿನ ಇನ್ನೊಂದು ಬಾಗಿಲು ಎಂದು ರಮಾಬಾಯಿಯವರು ನರ್ಸಿಂಗನ್ನು ಕಂಡರು.

ಹಾಗಾದರೆ ಈ ಕೋರ್ಸು ಹುಡುಗಿಯರ ಪಾಲಿಗೆ ಹೋದದ್ದು ಹೇಗೆ? ಇದಕ್ಕೆ ಬಹುಮಟ್ಟಿಗೆ ಆಸ್ಪತ್ರೆಗಳ ಅಗತ್ಯವೇ ಕಾರಣ. ಶಾಲೆ ಆಸ್ಪತ್ರೆಯದ್ದು, ವಿದ್ಯಾರ್ಥಿನಿಯೇ ವಾರ್ಡಿನ ಅಗ್ಗದ ದುಡಿಮೆ. ಹಗಲು ರಾತ್ರಿ ಕರೆದಾಗ ಬರಬೇಕಾದರೆ ಆಕೆ ಆವರಣದ ಹಾಸ್ಟೆಲಿನಲ್ಲೇ ಇರಬೇಕು. ಹಾಸ್ಟೆಲಿನಲ್ಲಿ ಇರಬೇಕಾದರೆ ಮದುವೆಯಾಗಿರಬಾರದು. ಹೀಗೆ ಒಂದರ ಹಿಂದೆ ಒಂದು ನಿಯಮ ಬಂದು, ಕೊನೆಗೆ ಬಾಗಿಲಲ್ಲಿ ಉಳಿದದ್ದು ಚಿಕ್ಕ ವಯಸ್ಸಿನ ಅವಿವಾಹಿತೆ. ಅಮೆರಿಕದಲ್ಲಿ ಈ ಕಟ್ಟನ್ನು ಸಡಿಲಿಸಿದವರಲ್ಲಿ ಮುಖ್ಯರು ಮಿಲ್ಡ್ರೆಡ್ ಮೊಂಟ್ಯಾಗ್. 1952ರಿಂದ ಅವರು ನರ್ಸಿಂಗ್ ಶಿಕ್ಷಣವನ್ನು ಆಸ್ಪತ್ರೆಯ ಆವರಣದಿಂದ ತೆಗೆದು ಊರಿನ ಸಮುದಾಯ ಕಾಲೇಜುಗಳಿಗೆ ತಂದರು, ಎರಡು ವರ್ಷದ ಕೋರ್ಸಾಗಿ. ಹಾಸ್ಟೆಲ್ ಕಡ್ಡಾಯ ಹೋಯಿತು. ಸಂಜೆ ಮನೆಗೆ ಹೋಗಬಹುದಾಯಿತು. ಆಗ ತರಗತಿಗೆ ಬಂದವರು ಯಾರು ಗೊತ್ತೇ? ಮದುವೆಯಾದವರು, ಮೂವತ್ತು ನಲವತ್ತು ದಾಟಿದವರು, ಗಂಡಸರು. ಹೊರಗೆ ನಿಂತಿದ್ದವರು ಒಳಗೆ ಬರಲು ವೇಳಾಪಟ್ಟಿ ಮತ್ತು ವಸತಿಯ ನಿಯಮ ಬದಲಾದರೆ ಸಾಕಾಗಿತ್ತು.

ನಮ್ಮ ಕಡೆ ಸ್ವಾತಂತ್ರ್ಯದ ಹೊತ್ತಿಗೆ ಕೊರತೆ ಎಷ್ಟಿತ್ತೆಂದರೆ, ದೇಶದ ಆರೋಗ್ಯ ಸೇವೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಪ್ರಕಾರ ಸುಮಾರು 43,000 ಜನಕ್ಕೆ ಒಬ್ಬ ನರ್ಸ್. ಬೇಗ ಬೇಗ ಹೆಚ್ಚು ಮಂದಿಯನ್ನು ತಯಾರಿಸಬೇಕಿತ್ತು. ಶಾಲೆ ಮುಗಿಸಿದ ಹುಡುಗಿಯರೇ ಅದಕ್ಕೆ ಸಿಕ್ಕರು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಕಾಲಕ್ಕೆ ಮಾಡಿಕೊಂಡ ಏರ್ಪಾಟು ಈ ಕಾಲಕ್ಕೂ ಹಾಗೆಯೇ ಉಳಿದುಬಿಟ್ಟಿತು ಎಂಬುದಷ್ಟೇ ನನ್ನ ತಕರಾರು.

ಇನ್ನು ಎರಡನೆಯ ಭಾಗಕ್ಕೆ, ತರಗತಿಗೆ ಮತ್ತು ವಾರ್ಡಿಗೆ ಬರುತ್ತೇನೆ. ನನ್ನ ಉತ್ಸಾಹವೆಲ್ಲ ಇರುವುದು ಇಲ್ಲಿಯೇ. ಸಮಯ ಸ್ವಲ್ಪ ಮೀರಿದರೆ ಅಧ್ಯಕ್ಷರು ಕ್ಷಮಿಸಬೇಕು.

ತಡವಾಗಿ ಬಂದವರ ಮೊದಲ ಹೆದರಿಕೆ ಪುಸ್ತಕ. ಪಿಯುಸಿ ಮುಗಿಸಿ ಹದಿನೈದು ವರ್ಷವಾಗಿರುತ್ತದೆ, ಅದೂ ಕಲಾ ವಿಭಾಗದಲ್ಲಿ, ಕನ್ನಡ ಮಾಧ್ಯಮದಲ್ಲಿ. ಮೊದಲ ವಾರವೇ ಅನಾಟಮಿ: 206 ಮೂಳೆ, ಲ್ಯಾಟಿನ್ ಹೆಸರುಗಳು, ಪಕ್ಕದಲ್ಲಿ ಪಟಪಟನೆ ಒಪ್ಪಿಸುವ ಹದಿನೆಂಟರ ಹುಡುಗಿ. ಹೊಸದನ್ನು ಥಟ್ಟನೆ ಗ್ರಹಿಸುವ ಬುದ್ಧಿ ಬೇರೆ, ಬದುಕಿನಿಂದ ಕೂಡಿಬಂದ ಬುದ್ಧಿ ಬೇರೆ ಎಂದು ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ವಿಂಗಡಿಸಿದ್ದರು. ಮೊದಲನೆಯದು ಯೌವನ ಕಳೆದಂತೆ ನಿಧಾನವಾಗಿ ಇಳಿಯುತ್ತದೆ. ಎರಡನೆಯದು ನಡುವಯಸ್ಸಿನಲ್ಲೂ ಬೆಳೆಯುತ್ತಲೇ ಇರುತ್ತದೆ. ನಮ್ಮ ಮೊದಲ ವರ್ಷದ ಪರೀಕ್ಷೆಗಳು ಕೇಳುವುದು ಬಹುತೇಕ ಮೊದಲನೆಯದನ್ನು. ಹಾಗಾಗಿ ಮೊದಲ ಆರು ತಿಂಗಳಲ್ಲಿ ಅಕ್ಕಂದಿರ ಇಂಟರ್ನಲ್ ಮಾರ್ಕ್ಸ್ ನೋಡಿ ತೀರ್ಮಾನಕ್ಕೆ ಬರುವ ಟ್ಯೂಟರ್‌ಗಳು ಅವಸರ ಮಾಡುತ್ತಿದ್ದಾರೆ ಎಂದು ನನ್ನ ಅಭಿಪ್ರಾಯ.

ಲೆಕ್ಕದ ಉದಾಹರಣೆ ಕೊಡುತ್ತೇನೆ. 500 ಮಿಲಿಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು. ಡ್ರಿಪ್ ಸೆಟ್ಟು ಮಿಲಿಲೀಟರಿಗೆ 20 ಹನಿಯದು. ನಿಮಿಷಕ್ಕೆ ಎಷ್ಟು ಹನಿ? ಸೂತ್ರವನ್ನು ಬೋರ್ಡಿನ ಮೇಲೆ ಬರೆದರೆ ಅಕ್ಕಂದಿರ ಕೈ ನಡುಗುತ್ತದೆ, ಗಣಿತದ ಹಳೆಯ ಭಯ. ಅದನ್ನೇ ಬಾಯಲ್ಲಿ ಕೇಳಿ ನೋಡಿ. ಸ್ತ್ರೀಶಕ್ತಿ ಸಂಘದ ಸಾಲ, ಬಡ್ಡಿ, ಕಂತುಗಳನ್ನು ವರ್ಷಗಟ್ಟಲೆ ಬರೆದವರು ಬೆರಳು ಮಡಚುತ್ತಾ ಹೇಳುತ್ತಾರೆ: ಒಟ್ಟು ಹನಿ 10,000, ನಾಲ್ಕು ಗಂಟೆಗೆ 240 ನಿಮಿಷ, ಭಾಗಿಸಿದರೆ ನಲವತ್ತೊಂದು ಚಿಲ್ಲರೆ, 42 ಎಂದಿಟ್ಟುಕೊಳ್ಳಿ ಮೇಡಂ. ಇವರಿಗೆ ಲೆಕ್ಕ ಬರುತ್ತದೆ. ಬಾರದಿರುವುದು ನಾವು ಬರೆದ ಸೂತ್ರ. ಮಿಲಿಗ್ರಾಂ, ಮೈಕ್ರೋಗ್ರಾಂಗಳ ನಡುವಿನ ಸಾವಿರ ಪಟ್ಟಿನ ವ್ಯತ್ಯಾಸವನ್ನಂತೂ, ನನ್ನ ಅನುಭವದಲ್ಲಿ, ಹುಡುಗಿಯರಿಗಿಂತ ಇವರೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಒಂದು ತಪ್ಪಿನ ಬೆಲೆ ಏನೆಂದು ಮಗುವಿಗೆ ಔಷಧಿ ಕುಡಿಸಿದ ತಾಯಿಗೆ ಹೇಳಿಕೊಡಬೇಕಾಗಿಲ್ಲ.

ಅನುಭವ ಎಲ್ಲ ಕಡೆಯೂ ನೆರವಾಗುತ್ತದೆ ಎಂದರೆ ಮಾತ್ರ ಸುಳ್ಳು. ಅದು ಅಡ್ಡವೂ ಬರುತ್ತದೆ. ಭೇದಿ ಹತ್ತಿದ ಮಗುವಿಗೆ ನೀರು ಕೊಟ್ಟರೆ ಜಾಸ್ತಿಯಾಗುತ್ತದೆ ಎಂದು ಕೇಳುತ್ತಾ ಬೆಳೆದವರು, ಓಆರ್‌ಎಸ್ ಪಾಠವನ್ನು ಪರೀಕ್ಷೆಗೆ ಬರೆದರೂ ಮನಸ್ಸಿನಲ್ಲಿ ಒಪ್ಪಿರುವುದಿಲ್ಲ. ಹೊಕ್ಕುಳಿಗೆ ಎಣ್ಣೆ ಅರಿಶಿನ ಹಚ್ಚಿಯೇ ಮೂವರು ಮಕ್ಕಳನ್ನು ಸಾಕಿದ್ದೇನೆ, ಏನೂ ಆಗಲಿಲ್ಲವಲ್ಲ ಎನ್ನುತ್ತಾರೆ. ಹೊಕ್ಕುಳನ್ನು ಒಣಗಲು ಬಿಡಬೇಕು, ಏನನ್ನೂ ಹಚ್ಚಬಾರದು ಎಂದು ಅವರನ್ನು ಒಪ್ಪಿಸುವುದು ಹದಿನೆಂಟರವಳಿಗೆ ಕಲಿಸುವುದಕ್ಕಿಂತ ಕಷ್ಟ. ಹುಡುಗಿಗೆ ಮರೆಯಬೇಕಾದದ್ದು ಏನೂ ಇರುವುದಿಲ್ಲ. ಒಮ್ಮೆ ಒಪ್ಪಿದರೆ ಮಾತ್ರ, ಬಾಣಂತಿಯ ಅತ್ತೆಯನ್ನು ಒಪ್ಪಿಸಬಲ್ಲವರು ಇವರೇ. ಇದನ್ನು ನಾನು ಪ್ರಸವದ ವಾರ್ಡಿನಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಇಲ್ಲಿ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರನ್ನು ನೆನೆಯಬೇಕು. ಅಜ್ಜಿಯಿಂದ ಕಲಿತ ವಿದ್ಯೆಯಿಂದ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಯಾವ ಶಾಲೆಗೂ ಹೋಗದೆ ದೊಡ್ಡವರಾದರು. ಆದರೆ ಅದನ್ನೇ ಹಿಡಿದು, ಅನುಭವವಿದ್ದರೆ ಶಾಲೆ ಯಾಕೆ ಎಂದು ಕೇಳುವವರ ಜೊತೆ ನಾನಿಲ್ಲ. ರಕ್ತಸ್ರಾವ ನಿಲ್ಲದಿದ್ದಾಗ ಯಾವ ಇಂಜೆಕ್ಷನ್, ಎಷ್ಟು, ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಕೈಯಳತೆಯ ಮೇಲೆ ಬಿಡುವಂತಿಲ್ಲ. ಅಂಥ ಕೈಗೆ ಶಾಲೆಯ ವಿದ್ಯೆಯೂ ಸೇರಬೇಕು ಎಂಬುದು ನನ್ನ ಆಸೆ.

ಅಮೆರಿಕದ ಪ್ಯಾಟ್ರೀಷಿಯಾ ಬೆನ್ನರ್ 1984ರಲ್ಲಿ ಬರೆದ ಪುಸ್ತಕವೊಂದನ್ನು ನಮ್ಮ ಎಂಎಸ್ಸಿ ವಿದ್ಯಾರ್ಥಿಗಳು ಓದಿರುತ್ತಾರೆ. ನರ್ಸ್ ಒಬ್ಬಳು ಏನೂ ಅರಿಯದ ಹೊಸಬಳಿಂದ ಪರಿಣತೆಯವರೆಗೆ ಐದು ಹಂತ ಹಾದುಹೋಗುತ್ತಾಳೆ ಎಂಬುದು ಅದರ ತಿರುಳು. ಅದರಲ್ಲಿ ಇನ್ನೂ ಒಂದು ಮಾತಿದೆ: ಒಂದು ಕಡೆ ಪರಿಣತೆಯಾದವಳು ಗೊತ್ತಿಲ್ಲದ ಜಾಗಕ್ಕೆ ಬಂದಾಗ ಮತ್ತೆ ಮೊದಲ ಹಂತದಲ್ಲೇ ನಿಲ್ಲುತ್ತಾಳೆ. ನಲವತ್ತರ ಹತ್ತಿರದ ವಿದ್ಯಾರ್ಥಿನಿಯ ನಿಜವಾದ ಸಂಕಟ ಇದು. ಮನೆಯಲ್ಲಿ ಎಲ್ಲರೂ ಆಕೆಯನ್ನು ಕೇಳಿ ನಡೆಯುತ್ತಾರೆ. ಹತ್ತು ಜನರಿಗೆ ಕೆಲಸ ಹೇಳಿ ಅಭ್ಯಾಸವಿರುತ್ತದೆ. ಇಲ್ಲಿ ಇಪ್ಪತ್ತೈದರ ಟ್ಯೂಟರ್ ಎಲ್ಲರೆದುರು ‘ಬೆಡ್‌ಶೀಟಿನ ಮೂಲೆ ಹೀಗಾ ಮಡಚುವುದು?’ ಎನ್ನುತ್ತಾಳೆ. ಓದಲಾರದೆ ಬಿಟ್ಟವರಿಗಿಂತ ಈ ಅವಮಾನ ತಾಳಲಾರದೆ ಬಿಟ್ಟವರನ್ನೇ ನಾನು ಹೆಚ್ಚು ನೋಡಿದ್ದೇನೆ. ಟ್ಯೂಟರ್‌ಗಳು ಇಲ್ಲಿದ್ದೀರಿ, ತಿದ್ದಬೇಡಿ ಎಂದು ಹೇಳುತ್ತಿಲ್ಲ, ಪಕ್ಕಕ್ಕೆ ಕರೆದು ತಿದ್ದಿ.

ವಾರ್ಡಿನಲ್ಲಿ ಚಿತ್ರ ತಿರುಗುತ್ತದೆ. ಮೊದಲ ಬಾರಿ ಮಲಮೂತ್ರ, ಕೀವು, ಹೆಣ ಕಂಡಾಗ ಹುಡುಗಿಯರಿಗೆ ಬವಳಿ ಬರುವುದು ಸಾಮಾನ್ಯ. ಅಕ್ಕಂದಿರು ಸೆರಗು ಸಿಕ್ಕಿಸಿದಂತೆ ಏಪ್ರನ್ ಬಿಗಿದು ನಿಲ್ಲುತ್ತಾರೆ. ಮುದುಕರು ಇವರ ಕೈಯಲ್ಲಿ ಮೈ ಒರೆಸಿಕೊಳ್ಳಲು ನಾಚುವುದಿಲ್ಲ. ಸಾವಿನ ಸುದ್ದಿ ತಿಳಿದ ಮನೆಯವರ ಪಕ್ಕ ಏನೂ ಮಾತಾಡದೆ ಕೂರುವುದನ್ನು ಯಾವ ಪಠ್ಯವೂ ಇವರಿಗೆ ಕಲಿಸಬೇಕಾಗಿಲ್ಲ. ಆದರೆ ನೈಟ್ ಶಿಫ್ಟ್! ನಲವತ್ತರ ದೇಹ ರಾತ್ರಿ ಡ್ಯೂಟಿಯಿಂದ ಚೇತರಿಸಿಕೊಳ್ಳಲು ಇಪ್ಪತ್ತರ ದೇಹಕ್ಕಿಂತ ಹೆಚ್ಚು ಸಮಯ ಕೇಳುತ್ತದೆ. ರೋಗಿಯನ್ನು ಎತ್ತಿ ಹೊರಳಿಸುವಾಗ ಸೊಂಟ ಹಿಡಿಯುತ್ತದೆ. ಎಂಟು ಗಂಟೆ ನಿಂತ ಕಾಲು ಊದುತ್ತದೆ. ಇದಕ್ಕೆ ಧೈರ್ಯದ ಮಾತು ಮದ್ದಲ್ಲ. ಸರಿಯಾಗಿ ಎತ್ತುವ ವಿಧಾನವನ್ನು ಮೊದಲ ತಿಂಗಳೇ ಕಲಿಸುವುದು, ಒಬ್ಬರೇ ಎತ್ತಬಾರದೆಂಬ ನಿಯಮವನ್ನು ಪಾಲಿಸುವುದು, ರಾತ್ರಿ ಡ್ಯೂಟಿಯ ಮರುದಿನ ತರಗತಿ ಇಡದಿರುವುದು, ಇವು ಮದ್ದು. ಇವುಗಳಿಂದ ಹುಡುಗಿಯರಿಗೂ ನಷ್ಟವೇನಿಲ್ಲ.

ಮೂರನೆಯದು ನಿಯಮದ ಮಾತು. ಒಣ ವಿಷಯ, ಬೇಗ ಮುಗಿಸುತ್ತೇನೆ. ಮೂರು ವರ್ಷದ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೋರ್ಸಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಇಟ್ಟಿರುವ ವಯಸ್ಸು 17ರಿಂದ 35. ಸಹಾಯಕ ನರ್ಸ್‌ಗಳ ಎರಡು ವರ್ಷದ ಎಎನ್‌ಎಂ ಕೋರ್ಸಿಗೂ ಅಷ್ಟೇ. ಪಿಯುಸಿ ಆಗಿರಬೇಕು. ನಡುವೆ ಓದು ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹನ್ನೆರಡನೆಯ ತರಗತಿ ಮುಗಿಸಿಯೂ ಬರಬಹುದು, ಇಂಗ್ಲಿಷ್ ಇರಬೇಕು. ಈಗಾಗಲೇ ಎಎನ್‌ಎಂ ಆಗಿರುವವರು ಜಿಎನ್‌ಎಂ ಸೇರಲು ವಯಸ್ಸಿನ ತಡೆಯಿಲ್ಲ. ಅಂದರೆ ಕೆಲಸ ಮಾಡಿದ ಅನುಭವಕ್ಕೆ ವಯಸ್ಸನ್ನು ಬಿಟ್ಟುಕೊಡಬಹುದು ಎಂಬ ತತ್ವವನ್ನು ಕೌನ್ಸಿಲ್ ಒಪ್ಪಿಯೇ ಇದೆ.

ಅದೇ ತತ್ವವನ್ನು ಆಶಾ ಕಾರ್ಯಕರ್ತೆಯರಿಗೆ ಅನ್ವಯಿಸಿ ನೋಡಿ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಮಾರ್ಗಸೂಚಿಯಂತೆ ಆಶಾ ಆಗಿ ಆಯ್ಕೆಯಾಗುವವಳು ಆ ಊರಲ್ಲೇ ನೆಲೆಸಿದ, ಮದುವೆಯಾದ, ವಿಧವೆಯಾದ ಅಥವಾ ವಿಚ್ಛೇದನ ಪಡೆದ, ಆದಷ್ಟೂ 25ರಿಂದ 45 ವಯಸ್ಸಿನ ಮಹಿಳೆಯಾಗಿರಬೇಕು. ಇಪ್ಪತ್ತೈದಕ್ಕೆ ಸೇರಿದವಳು ಗರ್ಭಿಣಿಯರ ಹಿಂದೆ, ಲಸಿಕೆಯ ಮಕ್ಕಳ ಹಿಂದೆ ಹತ್ತು ವರ್ಷ ಓಡಾಡಿ, ಇನ್ನು ಕಲಿಯೋಣ ಎನ್ನುವಷ್ಟರಲ್ಲಿ ಮೂವತ್ತೈದು. ಬಾಗಿಲು ಮುಚ್ಚಿತು. ಒಂದು ಇಲಾಖೆ ಬೇಕೆಂದೇ ದೊಡ್ಡವರನ್ನು ಆರಿಸುತ್ತದೆ, ಇನ್ನೊಂದು ನಿಯಮ ದೊಡ್ಡವರಾದರೆಂದು ಹೊರಗಿಡುತ್ತದೆ. ಹಾಗೆಯೇ ನಮ್ಮ ರಾಜ್ಯದ ಸರ್ಕಾರಿ ನೇಮಕಾತಿಯಲ್ಲಿ ವಿಧವೆಯರಿಗೆ ಗರಿಷ್ಠ ವಯಸ್ಸಿನಲ್ಲಿ 10 ವರ್ಷದ ಸಡಿಲಿಕೆಯಿದೆ. ಕೆಲಸಕ್ಕೆ ಇರುವ ಆ ರಿಯಾಯಿತಿ, ಆ ಕೆಲಸಕ್ಕೆ ಬೇಕಾದ ಓದಿಗೂ ಇರಬೇಡವೇ? ಮೂವತ್ತೆಂಟಕ್ಕೆ ಸೇರಿದವಳು ನಲವತ್ತೊಂದಕ್ಕೆ ಮುಗಿಸಿದರೆ, ಅರುವತ್ತರ ನಿವೃತ್ತಿಗೆ ಇನ್ನೂ ಹತ್ತೊಂಬತ್ತು ವರ್ಷ ಇರುತ್ತದೆ. ಇಪ್ಪತ್ತೊಂದಕ್ಕೆ ಮುಗಿಸಿ ವಿದೇಶಕ್ಕೆ ಹೊರಟವರ ಸೇವೆ ಇಲ್ಲಿ ಎಷ್ಟು ವರ್ಷ ಸಿಗುತ್ತದೆ ಎಂದು ನಾನು ಕೇಳುವುದಿಲ್ಲ, ಹೋಗುವ ಹಕ್ಕು ಅವರಿಗಿದೆ.

ಹಣದ ಮಾತಿಗೆ ಇಂಗ್ಲೆಂಡಿನ ಪಾಠ ಸಾಕು. ಅಲ್ಲಿ ನರ್ಸಿಂಗ್ ಪದವಿಗೆ ಗರಿಷ್ಠ ವಯಸ್ಸಿನ ಮಿತಿಯಿಲ್ಲ. 2017ರಲ್ಲಿ ವಿದ್ಯಾರ್ಥಿ ಭತ್ಯೆಯನ್ನು ತೆಗೆದು ಸಾಲದ ವ್ಯವಸ್ಥೆ ತಂದಾಗ ಅರ್ಜಿಗಳು ಕಡಿಮೆಯಾದವು, ವಿಶೇಷವಾಗಿ ದೊಡ್ಡ ವಯಸ್ಸಿನವರದ್ದು. ಮನೆ ನಡೆಸುವವರು ಹೊಸ ಸಾಲಕ್ಕೆ ಕೈಹಾಕುವ ಮೊದಲು ಎರಡು ಬಾರಿ ಯೋಚಿಸುತ್ತಾರೆ. 2020ರಲ್ಲಿ ವರ್ಷಕ್ಕೆ ಕನಿಷ್ಠ 5,000 ಪೌಂಡಿನ, ಮರಳಿಸಬೇಕಿಲ್ಲದ ನೆರವನ್ನು ಸರ್ಕಾರ ಮತ್ತೆ ತರಬೇಕಾಯಿತು. ನಮ್ಮಲ್ಲಿ ಹಣವಿಲ್ಲದ ದೊಡ್ಡವರನ್ನು ಹೊಂಚುಹಾಕಿ ಕಾಯುವವರು ಬೇರೆ. ಬಸ್ ನಿಲ್ದಾಣದ ಗೋಡೆಗಳಲ್ಲಿ ಅಂಟಿಸಿರುತ್ತಾರೆ: ಆರು ತಿಂಗಳ ನರ್ಸಿಂಗ್, ಎಸ್ಸೆಸ್ಸೆಲ್ಸಿ ಪಾಸು ಫೇಲು, ವಯಸ್ಸಿನ ಮಿತಿಯಿಲ್ಲ, ಕೆಲಸ ಖಚಿತ. ಇಂಥ ಕಾಗದ ಹಿಡಿದು ಬಂದವರಿಗೆ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಸಿಗುವುದಿಲ್ಲ. ಹೋಮ್ ನರ್ಸ್ ಎಂಬ ಹೆಸರಿನಲ್ಲಿ ಹಗಲು ರಾತ್ರಿ ದುಡಿದರೂ ಕಾನೂನಿನ ಕಣ್ಣಿಗೆ ಅವರು ನರ್ಸ್ ಅಲ್ಲ. ಹಣ ಕಟ್ಟುವ ಮೊದಲು ಆ ಶಾಲೆ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಲೇಬೇಕು.

ಕೊನೆಯದಾಗಿ ಮನೆ. ಒಪ್ಪಿಗೆ ಕೊಡುವ ಗಂಡಂದಿರನ್ನು ಬೇಕಾದಷ್ಟು ನೋಡಿದ್ದೇನೆ, ಅಡ್ಮಿಶನ್ ದಿನ ಶರ್ಟು ಇಸ್ತ್ರಿ ಮಾಡಿಸಿಕೊಂಡು ಬಂದಿರುತ್ತಾರೆ. ಹೆಂಡತಿಗೆ ನೈಟ್ ಡ್ಯೂಟಿ ಬಿದ್ದ ವಾರ ಅನ್ನಕ್ಕೆ ಇಡುವವರು ಅವರಲ್ಲಿ ಕಡಿಮೆ. ಕೋರ್ಸು ಮುಗಿಸಿದ ಬಹುತೇಕ ಅಕ್ಕಂದಿರ ಹಿಂದೆ ಒಬ್ಬ ತಾಯಿಯೋ ಅತ್ತೆಯೋ ಇದ್ದದ್ದನ್ನು ಕಂಡಿದ್ದೇನೆ. ಅತ್ತೆಯರನ್ನು ಬೈಯುವುದು ನಮ್ಮಲ್ಲಿ ರೂಢಿ. ಮೊಮ್ಮಕ್ಕಳನ್ನು ಮೂರು ವರ್ಷ ಶಾಲೆಗೆ ಕಳಿಸಿದ ಆ ಮುದುಕಿಯರಿಗೂ ದೀಪ ಬೆಳಗುವ ಸಮಾರಂಭದಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಕು.

ತಾಯಿಯವರ ಹೆಸರಿನಲ್ಲಿ ಈ ದತ್ತಿ ಇಟ್ಟ ಕುಟುಂಬದವರು, ನಾನು ಈ ಉಪನ್ಯಾಸಕ್ಕೆ ಬರುವ ಮೊದಲು, ನನ್ನನ್ನು ಕೇಳಿದ್ದರು, ಬಡ್ಡಿ ಹಣದಲ್ಲಿ ಭಾಷಣದ ಜೊತೆ ಇನ್ನೇನಾದರೂ ಮಾಡಬಹುದೇ ಎಂದು. ಮಾಡಬಹುದು. ಮೂವತ್ತು ದಾಟಿ ಸೇರಿದ ಒಬ್ಬ ವಿದ್ಯಾರ್ಥಿನಿಗೆ ಪರೀಕ್ಷಾ ಶುಲ್ಕ ಮತ್ತು ವಾರ್ಡಿಗೆ ಹೋಗಿಬರುವ ಬಸ್ ಪಾಸಿನ ಖರ್ಚು. ಜೊತೆಗೆ ಈ ಸಂಸ್ಥೆ ಪ್ರವೇಶಕ್ಕೆ ಮೊದಲು ಒಂದು ತಿಂಗಳು ಸಂಜೆ ಹೊತ್ತು ಇಂಗ್ಲಿಷ್ ಪದಗಳು, ಮೂಳೆಗಳ ಹೆಸರು, ಔಷಧಿಯ ಲೆಕ್ಕ ಹೇಳಿಕೊಡುವುದಾದರೆ, ಪಾಠಕ್ಕೆ ನಾನು ಬರುತ್ತೇನೆ, ಸಂಭಾವನೆ ಬೇಡ. ಪ್ರಶ್ನೆಗಳಿಗೆ ಹದಿನೈದು ನಿಮಿಷ ಉಳಿಸಿಕೊಂಡಿದ್ದೇನೆ. ಹಿಂದಿನ ಸಾಲಿನಲ್ಲಿ ಕುಳಿತಿರುವ ಆಶಾ ಕಾರ್ಯಕರ್ತೆಯರು ಮೊದಲು ಕೇಳಲಿ.